ಹಬೆ ಹಿಡಿದ ದಾರಿ

ನಮ್ಮೂರಿನಲ್ಲಿ ಗಂಡಸರು ಮನೆಗೆ ಬರುವ ಮುಂಚೆ ಅವರ ಹಬೆ ಬರುತ್ತಿತ್ತು. ಬೀರಣ್ಣನ ಬಾರಿನಲ್ಲಿ ಕೂತವರು ವೇಪು ಎಂಬ ಬ್ಯಾಟರಿ ಸಿಗರೇಟಿನ ಕಡ್ಡಿಯನ್ನು ಒಮ್ಮೆ ಎಳೆದು ಉಸಿರು ಬಿಟ್ಟರೆ, ಆ ಹಬೆ ತೆಂಗಿನಕಾಯಿ ಗಾತ್ರದ ಉಂಡೆಯಾಗಿ ಕಿಟಕಿಯಿಂದ ಹೊರಬಿದ್ದು, ಆಳೆತ್ತರದಲ್ಲಿ ಬೀದಿ ಹಿಡಿದು, ಬಿಟ್ಟವನ ಮನೆಗೆ ಹೊರಟುಬಿಡುತ್ತಿತ್ತು. ಬೇರೆ ಊರುಗಳಲ್ಲಿ ಅದು ಅಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದಂತೆ. ಇರಬಹುದು. ನಮ್ಮಲ್ಲಿ ಹೆಂಗಸರು ಬಾಗಿಲು ತೆರೆದು ಅದನ್ನು ಒಳಗೆ ಬಿಟ್ಟುಕೊಂಡು, ಒಲೆಯ ಮೇಲೆ ಅನ್ನಕ್ಕಿಟ್ಟು, ಆಮೇಲೆ ಮೊರದಿಂದ ಬೀಸಿ ಹಿತ್ತಿಲ ಕಡೆ ಕಳಿಸುತ್ತಿದ್ದರು. ಅಲ್ಲಿ ಸೀಬೆ ಗಿಡಕ್ಕೋ ಬಟ್ಟೆ ಒಣಗಿಸುವ ತಂತಿಗೋ ತಗುಲಿ ಅದು ಒಡೆದುಹೋಗುತ್ತಿತ್ತು.

ಕುಡಿದವನ ಹಬೆಗೂ ಅಮಲು ಹತ್ತಿರುತ್ತಿತ್ತು. ಮೊದಲ ಗ್ಲಾಸಿನ ಮೇಲೆ ಬಿಟ್ಟದ್ದು ಮರ್ಯಾದೆಯಿಂದ ರಸ್ತೆಯ ಎಡಗಡೆಯಲ್ಲೇ ಬರುತ್ತಿತ್ತು. ಎರಡನೆಯದು ಲೈಟು ಕಂಬಕ್ಕೆ ಹಾಯ್ದು, ತಡವರಿಸಿ, ಮತ್ತೆ ದಾರಿ ಹಿಡಿಯುತ್ತಿತ್ತು. ಮೂರನೆಯದು ಪಕ್ಕದ ಮನೆಗೆ ನುಗ್ಗಿ ಮಾನ ಕಳೆಯುತ್ತಿತ್ತು. ಹೀಗಾಗಿ ಗಂಡ ಎಷ್ಟು ಹಾಕಿದ್ದಾನೆ ಎಂದು ಯಾವ ಹೆಂಡತಿಯೂ ಕೇಳಬೇಕಾಗಿರಲಿಲ್ಲ. ನಮ್ಮೂರಿನ ಗಂಡಸರು ಎರಡಕ್ಕೇ ಎದ್ದು ಬರುತ್ತಿದ್ದದ್ದು ಸಂಸ್ಕಾರದಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೇಪು ಎಳೆಯದೆ ಸುಮ್ಮನೆ ಕುಡಿಯಬಹುದಿತ್ತಲ್ಲ ಎನ್ನಬಹುದು. ಅದನ್ನೂ ಕೆಲವರು ಮಾಡಿ ನೋಡಿದರು. ಹಬೆ ಬಾರದಿದ್ದರೆ ಹೆಂಡತಿಗೆ ಅನುಮಾನ ಬಂದು, ಅವಳೇ ಬಾರಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಅದಕ್ಕಿಂತ ಹಬೆಯೇ ವಾಸಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಇನ್ನೊಂದು ಮಾತು. ಹಬೆ ಹೋಗುತ್ತಿದ್ದದ್ದು ಬಿಟ್ಟವನ ಮನಸ್ಸು ಯಾವುದನ್ನು ಮನೆ ಎಂದುಕೊಂಡಿದೆಯೋ ಅಲ್ಲಿಗೆ. ವರ್ಗವಾಗಿ ಬಂದ ಪೋಸ್ಟ್ ಮಾಸ್ಟರರ ಹಬೆ ದಿನವೂ ಬಸ್ ಸ್ಟ್ಯಾಂಡಿಗೆ ಹೋಗಿ ಅವರೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಕಾಯುತ್ತಿತ್ತು. ಇದನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ನಮ್ಮ ನಮ್ಮ ಮನೆಯ ಹಬೆ ನೆಟ್ಟಗೆ ಬರುತ್ತಿರುವಷ್ಟು ದಿನ ನಗುವುದು ಸುಲಭ.

ನಮ್ಮ ಎದುರುಮನೆಯ ವಾರಿಜಕ್ಕನ ಗಂಡ ದೇವೀರಪ್ಪ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವವನು. ದಿನವಿಡೀ ತಾಮ್ರದ ಎಳೆ ಎಣಿಸುತ್ತ ಎಣಿಸುತ್ತ ಮಾತೇ ಮರೆತವನಂತೆ ಇರುತ್ತಿದ್ದ. ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದ, ಬಡಿಸಿದ್ದನ್ನು ಉಣ್ಣುತ್ತಿದ್ದ. ವಾರಿಜಕ್ಕನೋ ಮಾತಿನ ಮಲ್ಲಿ. ಅವಳ ಮಾತಿಗೆ ಆ ಮನೆಯಲ್ಲಿ ಸಿಗುತ್ತಿದ್ದ ಉತ್ತರವೆಂದರೆ ಹೂಂ ಒಂದೇ. ಹಾಗಾಗಿ ಅವಳು ಅರ್ಧ ದಿನ ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕೂತಿರುತ್ತಿದ್ದಳು. ನನಗೆ ರವಿಕೆಯ ಅಳತೆ ಎಷ್ಟೋ ಸಲ ತಪ್ಪಿದ್ದು ಅವಳಿಂದಲೇ, ಆದರೂ ಅವಳು ಬಾರದ ದಿನ ಮೆಷಿನ್ನು ತುಳಿಯಲು ಬೇಜಾರಾಗುತ್ತಿತ್ತು.

ದೇವೀರಪ್ಪನದು ಸೋಂಪಿನ ಪರಿಮಳದ ಹಬೆ. ಊರಿನಲ್ಲಿ ಬೇರೆ ಯಾರೂ ಆ ಪರಿಮಳ ಕೊಳ್ಳುತ್ತಿರಲಿಲ್ಲ. ಒಂದು ಸಂಜೆ ಅದು ನಮ್ಮ ಬೀದಿಯ ಮೂಲೆಯವರೆಗೆ ಬಂದು, ಅಲ್ಲಿ ಸ್ವಲ್ಪ ಯೋಚಿಸಿ, ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ, ಗಿರಣಿ ಬೀದಿಯಲ್ಲಿ ಕುಸುಮಾವತಿಯ ಹಿಟ್ಟಿನ ಗಿರಣಿಯೊಳಗೆ ಹೋಗಿಬಿಟ್ಟಿತು. ಕುಸುಮಾವತಿ ಗಂಡ ಸತ್ತ ಮೇಲೆ ಒಬ್ಬಳೇ ಗಿರಣಿ ನಡೆಸುತ್ತಿದ್ದಳು. ನಗುನಗುತ್ತ ಮಾತಾಡುವವಳು, ನೋಡುವುದಕ್ಕೂ ಲಕ್ಷಣವಾಗಿದ್ದಳು. ರಾಗಿ ಡಬ್ಬ ಹಿಡಿದು ಸರದಿಯಲ್ಲಿ ನಿಂತಿದ್ದ ಅರ್ಧ ಊರಿನ ಹೆಂಗಸರ ಮೂಗಿಗೆ ಸೋಂಪಿನ ವಾಸನೆ ಬಡಿಯಿತು. ಕುಸುಮಾವತಿ ಮಾತ್ರ ಅದನ್ನು ಹಿಟ್ಟಿನ ಧೂಳೆಂದುಕೊಂಡು ಪೊರಕೆಯಿಂದ ಹೊಡೆದು ಹಾಕಿದಳಂತೆ. ಆದರೆ ಅದನ್ನು ಯಾರು ನಂಬುತ್ತಾರೆ?

ವಾರಿಜಕ್ಕ ಗಂಡನನ್ನು ಕೇಳಿದಳು. ಮೂರನೆಯದಿರಬೇಕು, ದಾರಿ ತಪ್ಪಿದೆ ಎಂದ ಅವನು. ಮೂರನೆಯದು ಪಕ್ಕದ ಮನೆಗೆ ಹೋಗುತ್ತದೆ, ಗಿರಣಿ ಬೀದಿಗಲ್ಲ ಎಂದಳು ಅವಳು. ಅದಕ್ಕೆ ಅವನು ಹೂಂ ಎಂದ. ಆ ಹೂಂ ಒಪ್ಪಿಕೊಂಡ ಹೂಂ ಆಗಿತ್ತೋ, ಅಭ್ಯಾಸದ ಹೂಂ ಆಗಿತ್ತೋ ಎಂದು ಅವಳು ನನ್ನೆದುರು ಕೂತು ಎಷ್ಟು ದಿನ ವಿಚಾರ ಮಾಡಿದಳೆಂದರೆ, ನನಗೇ ಎರಡೂ ಒಂದೇ ರೀತಿ ಕೇಳತೊಡಗಿತು.

ಗಂಡನ ಮೇಲಿನ ಸಿಟ್ಟನ್ನು ನೇರವಾಗಿ ತೀರಿಸಿಕೊಂಡರೆ ಊರಿಗೆ ತಮಾಷೆ. ಅವಳು ಆರೋಗ್ಯದ ದಾರಿ ಹಿಡಿದಳು. ವೇಪಿನಿಂದ ಶ್ವಾಸಕೋಶ ಕೆಡುತ್ತದೆ, ಬೀದಿಯಲ್ಲಿ ಮಕ್ಕಳು ಹಬೆಗೆ ಮುಖ ಕೊಟ್ಟು ಕೆಮ್ಮುತ್ತಾರೆ, ಟಾಕೀಸಿನಲ್ಲಿ ಪರದೆ ಕಾಣುವುದಿಲ್ಲ ಎಂದು ಹೆಂಗಸರನ್ನು ಕೂಡಿಸಿಕೊಂಡು ಪುರಸಭೆಗೆ ಹೋದಳು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಸಭೆಯ ಮೇಲೆ ಸಭೆ ನಡೆಯಿತು. ಅವಳ ಕೈಗೆ ಮೈಕು ಕೊಟ್ಟರು. ಅಧ್ಯಕ್ಷರ ಪಕ್ಕದ ಸಾಲಿನಲ್ಲಿ, ಫ್ಯಾನಿನ ಕೆಳಗೆ, ಅವಳಿಗೆಂದೇ ಒಂದು ಕುರ್ಚಿ ಹಾಕಿದರು. ಅವಳು ಮಾತಾಡುವಾಗ ಸದಸ್ಯರು ತಲೆದೂಗಿದರು, ಕೆಲವರು ಎದುರು ಮಾತಾಡಿದರು, ಅವಳು ಅವರ ಬಾಯಿ ಮುಚ್ಚಿಸಿದಳು. ಸಭೆಯ ದಿನ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು, ನನ್ನ ಹತ್ತಿರ ಬಂದು ಹೇಗೆ ಕಾಣುತ್ತೇನೆ ಎನ್ನುತ್ತಿದ್ದಳು. ಮದುವೆಯ ಫೋಟೋದಲ್ಲೂ ಅವಳ ಮುಖ ಅಷ್ಟು ಕಳೆಯಾಗಿರಲಿಲ್ಲ.

ಕೊನೆಗೆ ಕಾನೂನು ಬಂತು. ಸೂರಿರುವ ಯಾವ ಸಾರ್ವಜನಿಕ ಜಾಗದಲ್ಲೂ, ಅದು ಬಾರಾಗಲಿ ಟಾಕೀಸಾಗಲಿ ಕಲ್ಯಾಣ ಮಂಟಪವಾಗಲಿ, ವೇಪು ಎಳೆಯುವಂತಿಲ್ಲ. ಇಷ್ಟೇ ಸಾಕಿತ್ತು. ವಾರಿಜಕ್ಕ ಎದ್ದು ನಿಂತು, ಹೊರಗೆ ಎಳೆದು ಹಬೆಯನ್ನು ಒಳಗೆ ಕಳಿಸಿದರೇನು ಗತಿ ಎಂದು ಕೇಳಿದಳು. ಎಲ್ಲರೂ ಹೌದಲ್ಲ ಎಂದರು. ಹಬೆಗೂ ಒಳಗೆ ಪ್ರವೇಶವಿಲ್ಲ ಎಂದು ಬಾಗಿಲುಗಳಿಗೆ ಹಾಕುವ ಬೋರ್ಡಿನಲ್ಲಿ ಸೇರಿಸಿದರು.

ಬೀರಣ್ಣ ಈ ಕಾನೂನನ್ನು ವಿರೋಧಿಸಿ ಓಡಾಡಿದ್ದವನು. ಗಿರಾಕಿಗಳು ವೇಪಿಗೆಂದು ಹೊರಗೆ ಎದ್ದು ಹೋಗುತ್ತಾರೆ, ಗ್ಲಾಸು ಅಲ್ಲೇ ಉಳಿಯುತ್ತದೆ, ನನ್ನ ವ್ಯಾಪಾರ ನೆಲಕಚ್ಚುತ್ತದೆ ಎಂದು ಅಧ್ಯಕ್ಷರ ಮನೆಯ ಮುಂದೆ ಅತ್ತೂ ಇದ್ದ. ಮೊದಮೊದಲು ಹಾಗೆಯೇ ಆಯಿತು. ಗಂಡಸರು ಎದ್ದೆದ್ದು ಹೊರಗೆ ಹೋಗಿ, ಎಳೆದು, ಹಬೆಯನ್ನು ಮನೆಗೆ ಕಳಿಸಿ ಬರುತ್ತಿದ್ದರು. ಆಮೇಲೆ ಒಂದು ದಿನ ಯಾರಿಗೋ ಹೊಳೆಯಿತು. ಹಬೆ ಬರಲಿಲ್ಲವೇಕೆ ಎಂದು ಹೆಂಡತಿ ಕೇಳಿದರೆ ಕಾನೂನು ಎನ್ನಬಹುದಲ್ಲ! ಆ ಸಂಜೆಯಿಂದ ನಮ್ಮೂರಿನ ಗಂಡಸರಷ್ಟು ಕಾನೂನಿಗೆ ತಲೆಬಾಗುವ ಜನ ಎಲ್ಲಿಯೂ ಇರಲಿಲ್ಲ. ಪರವೂರಿನ ಲಾರಿ ಡ್ರೈವರೊಬ್ಬ ಬಾರಿನಲ್ಲಿ ವೇಪು ತೆಗೆದರೆ ನಾಲ್ಕು ಮೇಜಿನವರು ಎದ್ದು ಬೋರ್ಡು ತೋರಿಸುತ್ತಿದ್ದರು. ಕೈಯಲ್ಲಿ ವೇಪಿಲ್ಲದ್ದರಿಂದ ಕೈ ಸದಾ ಗ್ಲಾಸಿನ ಮೇಲೆಯೇ ಇರುತ್ತಿತ್ತು. ನಡುನಡುವೆ ಎಳೆದು ಬಿಡುವ ಬಿಡುವೂ ಇಲ್ಲದೆ ಒಂದರ ಹಿಂದೆ ಒಂದು ಇಳಿಯುತ್ತಿತ್ತು. ಎರಡಕ್ಕೆ ಏಳುತ್ತಿದ್ದವರು ನಾಲ್ಕಾದರೂ ಏಳಲಿಲ್ಲ.

ಮನೆಗಳಲ್ಲಿ ಅನ್ನ ಆರತೊಡಗಿತು. ಯಾವಾಗ ಇಡಬೇಕು, ಯಾವಾಗ ಇಳಿಸಬೇಕು ಯಾರಿಗೂ ತಿಳಿಯದು. ಬಾರಿಗೆ ಹೋಗಿ ನಿಂತರೆ, ಏನು ಅಮ್ಮ, ನೀವೇ ತಂದ ಕಾನೂನಲ್ಲವೇ ಎಂದು ಬೀರಣ್ಣ ಕೈಮುಗಿಯುತ್ತಿದ್ದ. ಅಷ್ಟಕ್ಕೇ ಬಿಡಲಿಲ್ಲ. ಒಂದು ಬೆಳಗ್ಗೆ ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದುಕೊಂಡು ವಾರಿಜಕ್ಕನ ಮನೆಗೇ ಬಂದುಬಿಟ್ಟ. ನಿಮ್ಮಿಂದ ನನ್ನ ಮಕ್ಕಳು ಓದುತ್ತಿದ್ದಾರೆ ಎಂದು ಕಣ್ಣು ಒರೆಸಿಕೊಂಡ. ಅವಳು ಹಾರವನ್ನು ಅಂಗಳಕ್ಕೆ ಎಸೆದಳು. ಹಣ್ಣನ್ನು ಮಾತ್ರ ನಾನು ಎಸೆಯಲು ಬಿಡಲಿಲ್ಲ.

ಬೀದಿಯ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ಸಭೆಗಳೂ ನಿಂತುಹೋಗಿದ್ದವು. ಇಸ್ತ್ರಿ ಸೀರೆ ಪೆಟ್ಟಿಗೆ ಸೇರಿತು. ಕೊನೆಗೆ ಹೆಂಗಸರೇ ಬಂದು, ನೀನು ಹಾಕಿಸಿದ ಗಂಟನ್ನು ನೀನೇ ಬಿಚ್ಚಿಸು, ಬುಧವಾರ ಎಲ್ಲರೂ ಹೋಗಿ ಕಾನೂನು ವಾಪಸು ತೆಗೆಸೋಣ ಎಂದರು. ಅವಳು ಆಗಲಿ ಎಂದಳು. ಆದರೆ ಅವಳಿಗೆ ನಿದ್ದೆ ಹತ್ತಲಿಲ್ಲ. ಕಾನೂನು ಹೋದರೆ ಹಬೆಗಳು ಮತ್ತೆ ಬೀದಿಗಿಳಿಯುತ್ತವೆ. ಇಡೀ ಊರು ನೋಡುತ್ತಿರುವಾಗ ತನ್ನ ಗಂಡನದು ಎಡಕ್ಕೆ ತಿರುಗುತ್ತದೋ, ಬಲಕ್ಕೋ? ಅದು ಗೊತ್ತಾಗದೆ ಅರ್ಜಿ ಕೊಡುವುದು ಹೇಗೆ? ಅವನ ಮನಸ್ಸಿಗೆ ತನ್ನ ಮನೆ ಮನೆಯೇ ಅಲ್ಲವೋ ಎಂಬ ಸಂಕಟ ಅವಳ ಎದೆಯಲ್ಲಿ ಕೂತು ಆಗಲೇ ವರ್ಷವಾಗುತ್ತ ಬಂದಿತ್ತು. ನಾನು ಎಷ್ಟು ಸಮಾಧಾನ ಹೇಳಿದರೂ ಅದು ಏಳಲೊಲ್ಲದು.

ಬುಧವಾರ ಬೆಳಗ್ಗೆ ಕಾಫಿ ಕುಡಿದು ಇನ್ನೂ ಅಂಗಡಿಗೆ ಹೊರಡದ ದೇವೀರಪ್ಪನನ್ನು ಅವಳು ಹೊಳೆಯ ದಂಡೆಗೆ ಕರೆದುಕೊಂಡು ಹೋದಳು. ಸಾಕ್ಷಿಗೆ ನನ್ನನ್ನೂ ಎಳೆದಳು. ಹೊಳೆಗೆ ಸೂರಿಲ್ಲ, ಕಾನೂನಿನ ತೊಂದರೆಯಿಲ್ಲ. ಕುಡಿಯದೆ ಬಿಟ್ಟ ಹಬೆ ಸುಳ್ಳು ಹೇಳುವಂತಿಲ್ಲ ಎಂಬುದು ಅವಳ ಲೆಕ್ಕ.

"ಒಂದ್ಸಲ ಎಳೆದು ಬಿಡ್ರಿ," ಎಂದಳು. "ನಂಗೆ ಗೊತ್ತಾಗ್ಬೇಕು."

ಅವನು ಅವಳ ಮುಖ ನೋಡಿದ. "ಅದು ಎಲ್ಲಿಗೆ ಹೋಗುತ್ತೋ ನಾನ್ಯಾವತ್ತೂ ಹಿಂದೆ ಹೋಗಿ ನೋಡಿಲ್ಲ ಕಣೆ," ಎಂದ. ಅಷ್ಟು ದೊಡ್ಡ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ಜೇಬಿನಿಂದ ವೇಪು ತೆಗೆದು ಎಳೆದು ಬಿಟ್ಟ.

ಸೋಂಪಿನ ಹಬೆ ಹೊಳೆಯ ಮೆಟ್ಟಿಲು ಹತ್ತಿ ಬೀದಿಗೆ ಬಂತು. ನಾವು ಮೂವರೂ ಹಿಂದೆ. ಮೂಲೆಗೆ ಬಂದಾಗ ಹಾಲಿನವನ ಸೈಕಲ್ಲು ಅಡ್ಡ ಬಂದು ಅದು ನಿಂತಿತು. ವಾರಿಜಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಸೈಕಲ್ಲು ಹೋಯಿತು. ಹಬೆ ಗಿರಣಿ ಬೀದಿಯ ಕಡೆ ಕಣ್ಣೂ ಹಾಯಿಸದೆ ಎಡಕ್ಕೆ ತಿರುಗಿ, ಅವರ ಮನೆಯ ಮೆಟ್ಟಿಲೇರಿ, ಒಳಗೆ ಅವನು ಊಟಕ್ಕೆ ಕೂರುವ ಮಣೆಯ ಮೇಲೆ ಬಂದು ನಿಂತಿತು.

ವಾರಿಜಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತಳು, ಅಳುತ್ತಲೇ ನಕ್ಕಳು. ಸುಮ್ಮನೆ ನಿಮ್ಮ ಮೇಲೆ ಅನುಮಾನ ಪಟ್ಟೆ ಎಂದಳು. ಅವನು ಹೂಂ ಎಂದ. ಇಡೀ ವರ್ಷ ಅವಳನ್ನು ಸುಟ್ಟ ಆ ಹೂಂ ಅವತ್ತು ಅವಳಿಗೆ ಮಲ್ಲಿಗೆ ಹೂವಿನಂತೆ ಕೇಳಿಸಿರಬೇಕು. ಮಾತು ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಸಂತೋಷವಾದಾಗ ಸುಮ್ಮನಿರುವುದು ಅವಳಿಗೆ ತಿಳಿಯದು. ಅವನ ಕೈಯಿಂದ ವೇಪು ಕಿತ್ತುಕೊಂಡಳು.

"ನಂದು ನೋಡಿ ಬೇಕಾದ್ರೆ," ಎಂದಳು. "ಈ ಹೊಸ್ತಿಲು ಬಿಟ್ಟು ಅದು ಎಲ್ಲಿಗೂ ಹೋಗಲ್ಲ."

ಎಳೆದದ್ದೇ ಕೆಮ್ಮು ಬಂತು. ಕೆಮ್ಮಿನ ಜೊತೆಗೇ ಪುಟ್ಟದೊಂದು ಹಬೆಯುಂಡೆ ಹೊರಬಿತ್ತು. ಅದು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿತು. ಮಣೆಯ ಮೇಲಿದ್ದ ಗಂಡನ ಹಬೆಯನ್ನು ಪಕ್ಕಕ್ಕೆ ಸರಿಸಿ, ನಡುಮನೆ ದಾಟಿ, ಹೊಸ್ತಿಲು ದಾಟಿ, ಬೀದಿಗಿಳಿಯಿತು. ಗಾಳಿ, ಗಾಳಿ ಎಂದಳು ವಾರಿಜಕ್ಕ. ನನ್ನ ಅಂಗಳದ ತುಳಸಿಯ ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಹಿಂದೆ ಓಡಿದಳು, ನಾವಿಬ್ಬರೂ ಅವಳ ಹಿಂದೆ ಓಡಿದೆವು. ಮೊದಲು ಅದು ನನ್ನ ಮನೆಗೆ ಬರುತ್ತದೆಂದುಕೊಂಡು ನಾನು ಒಳಗೊಳಗೇ ಹಿಗ್ಗಿದ್ದೆ. ನನ್ನ ಮನೆಯ ಕಡೆ ಅದು ತಿರುಗಿಯೂ ನೋಡಲಿಲ್ಲ. ಅವಳ ತವರಿನ ದಾರಿಯನ್ನೂ ಬಿಟ್ಟಿತು. ಒಂದು ತೊಟ್ಟೂ ಕುಡಿಯದವಳ ಹಬೆ, ರಸ್ತೆಯ ಎಡಗಡೆಯಲ್ಲೇ, ಒಂದು ಕಂಬಕ್ಕೂ ತಗುಲದೆ ನೇರವಾಗಿ ಹೋಗಿ ಪುರಸಭೆಯ ಸಭಾಂಗಣದ ಬಾಗಿಲಲ್ಲಿ ನಿಂತಿತು.

ಕಾವಲಿನ ಓಬಳೇಶಿ ಬೋರ್ಡಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಎದ್ದು ಟವೆಲಿನಿಂದ ಅದನ್ನು ಬೀಸಿದ. ಅದು ಮೆಟ್ಟಿಲ ತನಕ ಹೋಗಿ ಮತ್ತೆ ಬಾಗಿಲಿಗೇ ಬಂತು. ಮತ್ತೆ ಬೀಸಿದ, ಮತ್ತೆ ಬಂತು. ಅಷ್ಟರಲ್ಲಿ ಅರ್ಜಿ ಕೊಡಲು ಹೆಂಗಸರು ಗುಂಪಾಗಿ ಬಂದರು. ಎಲ್ಲರೂ ಬಾಗಿಲಿಗೆ ಹಣೆ ಹಚ್ಚಿ ನಿಂತ ಆ ಪುಟ್ಟ ಹಬೆಯನ್ನು ನೋಡಿದರು.

"ಯಾರದಿದು?" ಎಂದು ಓಬಳೇಶಿ ಗದರಿದ.

ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಮನೆ ಪುರಸಭೆಯಂತೆ ಎಂದು ನಾಳೆ ಗಿರಣಿಯ ಸರದಿಯಲ್ಲಿ ಜನ ಆಡಿಕೊಳ್ಳುವುದು ವಾರಿಜಕ್ಕನಿಗೆ ಅಲ್ಲೇ ಕೇಳಿಸಿರಬೇಕು. ಅವಳು ತಲೆ ತಗ್ಗಿಸಿದಳು. ಆಗ ದೇವೀರಪ್ಪ ಅವಳನ್ನು ದಾಟಿ ಮುಂದೆ ಬಂದ.

"ನಂದು," ಎಂದ. "ದಾರಿ ತಪ್ಪಿದೆ."

ಪರಿಮಳವಂತೂ ಸೋಂಪಿನದೇ, ಯಾರಿಗೂ ಅನುಮಾನ ಬರಲಿಲ್ಲ. ಬೆಳಗ್ಗೆ ಬೆಳಗ್ಗೆಯೇ ಹಾಕಿದ್ದೀಯಲ್ಲೋ ಮಾರಾಯ, ನಿಮ್ಮಂಥವರಿಂದಲೇ ಈ ಕಾನೂನು ಬಂದದ್ದು, ಈಯಮ್ಮನ ಮುಖ ನೋಡಿಯಾದರೂ ನಾಚಿಕೆ ಬೇಡವೇ ಎಂದು ಓಬಳೇಶಿ ಅವನನ್ನು ತರಾಟೆಗೆ ತೆಗೆದುಕೊಂಡ. ದೇವೀರಪ್ಪ ಹೂಂ ಎಂದ. ಹೆಂಗಸರು ವಾರಿಜಕ್ಕನ ಕಡೆ ಅಯ್ಯೋ ಪಾಪ ಎಂಬಂತೆ ನೋಡಿದರು. ಅವಳಿಗೆ ಅಳು ಬಂತು. ನಾಚಿಕೆಯ ಅಳು ಅದು, ನನಗೆ ಗೊತ್ತು. ಅವರು ಅದನ್ನು ಕುಡುಕನ ಹೆಂಡತಿಯ ಅಳು ಎಂದುಕೊಂಡರು.

ಅಧ್ಯಕ್ಷರು ಬಂದರು, ಬಾಗಿಲು ತೆರೆಯಿತು. ನಮ್ಮ ಜೊತೆಗೇ ಹಬೆಯೂ ಸರಕ್ಕನೆ ಒಳಗೆ ನುಗ್ಗಿ, ಫ್ಯಾನಿನ ಕೆಳಗಿನ ಆ ಕುರ್ಚಿಯ ಮೇಲೆ ಹೋಗಿ ನಿಂತಿತು. ಓಬಳೇಶಿ ಟವೆಲು ಹಿಡಿದು ಓಡಿ ಬಂದ. ಅಧ್ಯಕ್ಷರು ಅವನನ್ನು ತಡೆದರು. ಅವರು ಹೆಂಗಸರ ಓಟು ಬಲ್ಲವರು, ಮಾತೂ ಬಲ್ಲವರು. ನೋಡಿ, ಎಷ್ಟು ಕುಡಿದಿದ್ದರೂ ಆತನ ಹಬೆ ಹೆಂಡತಿಯ ಕುರ್ಚಿಯನ್ನು ಹುಡುಕಿಕೊಂಡು ಬಂದಿದೆ, ಇಂಥದಕ್ಕೆ ಕಾನೂನು ಹೇಳಬಾರದು, ಇರಲಿ ಬಿಡಿ ಎಂದರು. ಸಭೆಯೆಲ್ಲ ಹೌದು ಹೌದು ಎಂದಿತು. ನಮ್ಮ ಬೀದಿಯವಳೊಬ್ಬಳು, ಇಂಥ ಗಂಡ ಸಿಗಲಿಕ್ಕೆ ಪುಣ್ಯ ಮಾಡಿರಬೇಕು ಎಂದು ನನ್ನ ಕಿವಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು. ದೇವೀರಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ.

ವಾರಿಜಕ್ಕ ಹೋಗಿ ಕುರ್ಚಿಯಲ್ಲಿ ಕೂತಳು. ಹಬೆ ಅವಳ ತಲೆಯ ಮೇಲೆ ಅಲ್ಲಾಡದೆ ನಿಂತಿತು. ಅಧ್ಯಕ್ಷರು ಅರ್ಜಿಯ ವಿಷಯವೇನು ಎಂದು ಕೇಳಿದರು. ಕಾನೂನು ವಾಪಸು ತೆಗೆಯಿರಿ ಎಂದು ಒಂದೇ ಮಾತು ಹೇಳಿ ಎದ್ದು ಬರುವುದೆಂದು ನಾವೆಲ್ಲ ಮೊದಲೇ ತೀರ್ಮಾನಿಸಿದ್ದೆವು. ಅವಳು ಮೈಕು ಕೈಗೆ ತೆಗೆದುಕೊಂಡಳು. ಕಿಟಕಿಯಿಂದ ಮೆಟ್ಟಿಲ ಕಡೆ ಒಮ್ಮೆ ನೋಡಿದಳು.

"ಇದು ಒಂದು ಸಭೇಲಿ ಮುಗಿಯೋ ವಿಷಯ ಅಲ್ಲ ಸಾರ್," ಎಂದಳು. "ಇನ್ನೂ ಸುಮಾರು ಸಭೆ ಬೇಕಾಗುತ್ತೆ."

ಸಭೆಗಳು ಈಗಲೂ ಬುಧವಾರ ಬುಧವಾರ ನಡೆಯುತ್ತಿವೆ. ಕಾನೂನು ಹಾಗೆಯೇ ಇದೆ, ಬೀರಣ್ಣ ಮೇಲೊಂದು ಮಹಡಿ ಕಟ್ಟಿಸಿದ್ದಾನೆ. ಆ ಮೊದಲ ಬುಧವಾರ ಸಂಜೆ ದೇವೀರಪ್ಪ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಬಾರಿಗೆ ಹೊರಟು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಸ್ವಲ್ಪ ಹೊತ್ತು ನಿಂತ. ದಿನವೂ ಅದೇ ಹೊತ್ತಿಗೆ ಅವಳು ಎರಡಕ್ಕೆ ಎದ್ದು ಬನ್ನಿ ಎಂದು ಹೇಳುವುದು, ಅವನು ಹೂಂ ಎನ್ನುವುದು ಆ ಮನೆಯ ಪದ್ಧತಿ. ವಾರಿಜಕ್ಕ ಬಾಯಿ ತೆರೆದದ್ದು ನನ್ನ ಕಿಟಕಿಗೂ ಕಂಡಿತು. ಮಾತು ಹೊರಡಲಿಲ್ಲ.

ಅವನು ಇನ್ನೂ ಸ್ವಲ್ಪ ಕಾದು, ಆಮೇಲೆ ತಾನಾಗಿಯೇ ಹೂಂ ಎಂದು ಹೇಳಿ ಬೀದಿಗಿಳಿದ.